ಹಸಿವಿನ ಮಾತು ಕೇಳುವುದೂ ಸಂಯಮವೇ

ದಶಲಕ್ಷಣ ಪರ್ವ ಸಮೀಪಿಸಿದಂತೆ ಮುಂಬಯಿ, ಪುಣೆ, ಚೆನ್ನೈಗಳ ಜಿನಮಂದಿರಗಳಲ್ಲಿ ಉಪವಾಸ ಕೈಗೊಳ್ಳುವವರ ಪಟ್ಟಿ ಸಿದ್ಧವಾಗುತ್ತದೆ. ಯಾರದು ಏಕಾಶನ, ಯಾರದು ಮೂರು ದಿನ, ಯಾರದು ಹತ್ತೂ ದಿನ ಎಂಬ ಎಣಿಕೆ ನಡೆಯುತ್ತದೆ. ಪರ್ವ ಮುಗಿದ ಮೇಲೆ ಶಾಲು, ಹಾರ, ಭಾವಚಿತ್ರವುಳ್ಳ ಫಲಕ. ಕೆಲವೇ ತಿಂಗಳಲ್ಲಿ ಅದೇ ಸಮಾಜದ ಮದುವೆ ಮಂಟಪದಲ್ಲಿ ಯಾರೂ ತಿಂದು ಮುಗಿಸಲಾರದಷ್ಟು ಬಗೆಯ ಭಕ್ಷ್ಯಗಳು. ಅಲ್ಲಿ ದಿನಗಳ ಲೆಕ್ಕ, ಇಲ್ಲಿ ಬಗೆಗಳ ಲೆಕ್ಕ. ಎರಡೂ ಕಡೆ ಒಂದು ಪ್ರಶ್ನೆ ಮಾತ್ರ ಕೇಳಿಬರುವುದಿಲ್ಲ: ಈ ದೇಹಕ್ಕೆ ಈಗ ನಿಜವಾಗಿ ಎಷ್ಟು ಬೇಕು?

ಈ ಪ್ರಶ್ನೆಯನ್ನು ಅಮೆರಿಕದ ಇಬ್ಬರು ಆಹಾರತಜ್ಞೆಯರು, ಎವೆಲಿನ್ ಟ್ರಿಬೋಲಿ ಮತ್ತು ಎಲೀಸ್ ರೆಶ್, 1995ರಲ್ಲಿ ಪುಸ್ತಕವೊಂದರ ಮೂಲಕ ಎತ್ತಿದರು. ಅವರು ‘ಇಂಟ್ಯೂಟಿವ್ ಈಟಿಂಗ್’ ಎಂದು ಕರೆದ ಕ್ರಮದ ಸಾರ ಸರಳವಾದುದು. ತೂಕ ಇಳಿಸುವ ಪಥ್ಯಗಳ ದಾಸ್ಯವನ್ನು ಬಿಡಬೇಕು; ಹಸಿದಾಗ ಉಣ್ಣಬೇಕು; ತೃಪ್ತಿಯಾದಾಗ ನಿಲ್ಲಿಸಬೇಕು; ಬೇಸರ, ಒಂಟಿತನ, ಕೋಪಗಳನ್ನು ತಿಂದು ಶಮನಗೊಳಿಸುವ ರೂಢಿಯನ್ನು ಗುರುತಿಸಬೇಕು. ಜೈನ ಮನೆಗಳಿಗೆ ಇದು ಪರಕೀಯವೆನಿಸಬಹುದು. ವಾಸ್ತವದಲ್ಲಿ ಇದರ ಬಹುಪಾಲು ನಮ್ಮ ಶಾಸ್ತ್ರದಲ್ಲಿಯೇ ಇದೆ. ನಾವು ಅದನ್ನು ಮರೆತಿದ್ದೇವೆ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಹೇಳುವ ಆರು ಬಾಹ್ಯ ತಪಗಳಲ್ಲಿ ಅನಶನ ಮೊದಲನೆಯದು, ಅವಮೌದರ್ಯ ಎರಡನೆಯದು. ಹಸಿವಿಗಿಂತ ತುಸು ಕಡಿಮೆ ಉಣ್ಣುವುದೇ ಅವಮೌದರ್ಯ. ಮೂಲಾಚಾರವು ಪುರುಷರಿಗೆ 32 ತುತ್ತು, ಸ್ತ್ರೀಯರಿಗೆ 28 ತುತ್ತು ಪೂರ್ಣಾಹಾರವೆಂದು ಗಣಿಸಿ, ಅದರಲ್ಲಿ ಒಂದೇ ತುತ್ತು ಕಡಿಮೆಯಾದರೂ ತಪವೆಂದೇ ಎಣಿಸುತ್ತದೆ. ಹೊಟ್ಟೆಯ ಅರ್ಧ ಅನ್ನಕ್ಕೆ, ಕಾಲುಭಾಗ ನೀರಿಗೆ, ಉಳಿದ ಕಾಲುಭಾಗ ಗಾಳಿಗೆ ಎಂಬ ಮಾತೂ ಆ ಪರಂಪರೆಯದೇ. ತನ್ನ ಹಸಿವು ಎಷ್ಟು, ತೃಪ್ತಿ ಎಲ್ಲಿ ಎಂಬುದನ್ನು ಅರಿಯದವನು ಒಂದು ತುತ್ತು ಮೊದಲೇ ಕೈತೊಳೆಯಲು ಹೇಗೆ ಸಾಧ್ಯ? ದೇಹದ ಸೂಚನೆಯನ್ನು ಆಲಿಸುವ ಅಭ್ಯಾಸವಿಲ್ಲದೆ ಅವಮೌದರ್ಯವಿಲ್ಲ. ಆದರೂ ಅವಮೌದರ್ಯ ಮಾಡಿದವರಿಗೆ ಯಾವ ಸಭೆಯಲ್ಲೂ ಶಾಲು ಹೊದಿಸಿದ್ದಿಲ್ಲ. ಅದು ಕಣ್ಣಿಗೆ ಕಾಣುವುದಿಲ್ಲ, ಫಲಕದಲ್ಲಿ ಬರೆಯಲು ಬರುವುದಿಲ್ಲ.

ತಪವೆಂದರೆ ಇಚ್ಛೆಯ ನಿರೋಧ ಎಂದು ಆಚಾರ್ಯರು ಹೇಳಿದ್ದಾರೆ. ಹಸಿವು ಇಚ್ಛೆಯಲ್ಲ, ಅದು ವೇದನೆ. ರುಚಿಯ ಮೋಹ, ಹೊಗಳಿಕೆಯ ಆಸೆ, ಕನ್ನಡಿಯ ಮುಂದಿನ ಚಿಂತೆ ಇವು ಇಚ್ಛೆಗಳು. ಹತ್ತು ದಿನ ಅನ್ನ ಬಿಟ್ಟವನು ಹನ್ನೊಂದನೆಯ ದಿನ ಸನ್ಮಾನಕ್ಕಾಗಿ ಕಾದು ಕುಳಿತರೆ ಬಿಟ್ಟದ್ದು ಅನ್ನವನ್ನು, ಬೆಳೆಸಿದ್ದು ಮಾನಕಷಾಯವನ್ನು. ಷೋಡಶಕಾರಣ ಭಾವನೆಗಳಲ್ಲಿ ತಪವನ್ನು ‘ಶಕ್ತಿತಃ’, ಅಂದರೆ ಶಕ್ತಿಗನುಸಾರವಾಗಿ ಆಚರಿಸಬೇಕೆಂದು ವಿಧಿಸಿರುವುದನ್ನು ಪಟ್ಟಿ ಬರೆಯುವವರು ನೆನಪಿಡಬೇಕು.

ನೆನಪಿಡದಿದ್ದರೆ ಏನಾಗಬಹುದೆಂಬುದನ್ನು ಸಮಾಜ ಕಂಡಿದೆ. 2016ರ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲಿ 13 ವರ್ಷದ ಬಾಲಕಿಯೊಬ್ಬಳು 68 ದಿನಗಳ ಉಪವಾಸ ಮುಗಿಸಿದ ಬೆನ್ನಲ್ಲೇ ತೀರಿಕೊಂಡಳು. ಪೊಲೀಸರು ಪ್ರಕರಣ ದಾಖಲಿಸಿದರು. ಧರ್ಮಸ್ವಾತಂತ್ರ್ಯಕ್ಕೆ ಧಕ್ಕೆ ಬಂತೆಂದು ಕೆಲವರು ವಾದಿಸಿದರು. ವಯಸ್ಕರ ವ್ರತವನ್ನು ಸಂವಿಧಾನ ಕಾಯಲಿ. ಬೆಳೆಯುವ ಮಗುವಿನ ಮೂಳೆ ಮತ್ತು ಹೃದಯವನ್ನು ಯಾರು ಕಾಯಬೇಕು? ದೀರ್ಘ ಉಪವಾಸದ ನಂತರ ಒಮ್ಮೆಲೇ ಆಹಾರ ಸೇವಿಸಿದರೆ ರಕ್ತದಲ್ಲಿನ ಪೊಟ್ಯಾಸಿಯಂ, ಫಾಸ್ಫೇಟ್‌ಗಳು ಕುಸಿದು ಹೃದಯದ ಬಡಿತವೇ ಹದ ತಪ್ಪಬಹುದು. ಮಧುಮೇಹಕ್ಕೆ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸವಿದ್ದರೆ ಸಕ್ಕರೆಯಂಶ ಇಳಿದು ಪ್ರಜ್ಞೆ ತಪ್ಪಬಹುದು. ಪರಜೀವಿಗೆ ನೋವಾಗದಿರಲೆಂದು ಗೆಡ್ಡೆಯನ್ನೂ ಬಿಡುವ ಧರ್ಮ ತನ್ನ ಮಗುವಿನ ದೇಹವನ್ನು ಅಹಿಂಸೆಯ ವ್ಯಾಪ್ತಿಯಿಂದ ಹೊರಗಿಡಲಾಗದು.

ದುರಂತಗಳು ವಿರಳ. ದಿನನಿತ್ಯದ ಸಣ್ಣ ಹಿಂಸೆಗಳು ವಿರಳವಲ್ಲ. ‘ತಟ್ಟೆ ಖಾಲಿ ಮಾಡದೆ ಏಳಬೇಡ’ ಎಂದು ಚಿಕ್ಕಂದಿನಲ್ಲಿ ಗದರಿಸುವ ಮನೆಯೇ ಹುಡುಗಿಗೆ ಹದಿನೈದು ತುಂಬಿದಾಗ ‘ಇಷ್ಟು ದಪ್ಪವಾದರೆ ಹೇಗೆ’ ಎನ್ನುತ್ತದೆ. ಅವಳು ಪರ್ವದ ಉಪವಾಸವನ್ನು ತೂಕ ಇಳಿಸುವ ಉಪಾಯವಾಗಿ ಬಳಸಿದರೆ ಭಕ್ತಿಯೆಂದು ಮೆಚ್ಚುತ್ತದೆ. ಕಚೇರಿಯಿಂದ ಲೋಕಲ್ ರೈಲು ಹಿಡಿದು ರಾತ್ರಿ ಒಂಬತ್ತಕ್ಕೆ ಮನೆ ಸೇರುವ ಯುವಕ ಅಪರಾಧಭಾವದಿಂದಲೇ ಉಣ್ಣುತ್ತಾನೆ. ಹಾಸ್ಟೆಲಿನಲ್ಲಿರುವ ಮಗ ಆಲೂಗಡ್ಡೆ ತಿಂದದ್ದನ್ನು ಮುಚ್ಚಿಡುತ್ತಾನೆ. ಬಚ್ಚಿಟ್ಟುಕೊಂಡು ತಿನ್ನುವವನಿಗೆ ತೃಪ್ತಿಯ ಸೂಚನೆ ಕೇಳಿಸದು. ಭಯದಿಂದ ಪಾಲಿಸಿದ ನಿಯಮ ಮನೆ ಬಿಟ್ಟ ದಿನವೇ ಸಡಿಲವಾಗುತ್ತದೆ.

ಹಾಗಾದರೆ ನಿಯಮಗಳೇ ಬೇಡವೇ? ಬೇಕು. ಯಾವ ಆಹಾರವೂ ನಿಷಿದ್ಧವಲ್ಲವೆಂಬ ಪಶ್ಚಿಮದ ಮಾತನ್ನು ಜೈನ ಗೃಹಸ್ಥರು ಯಥಾವತ್ತಾಗಿ ಒಪ್ಪಲಾರರು, ಒಪ್ಪಬೇಕಾಗಿಯೂ ಇಲ್ಲ. ಅರಿತು ತಾನಾಗಿ ಬಿಟ್ಟದ್ದು ತ್ಯಾಗ. ಹೆದರಿ ಬಿಟ್ಟದ್ದು ನಿರ್ಬಂಧ. ಅಮೆರಿಕದ ಮತ್ತೊಬ್ಬ ಆಹಾರತಜ್ಞೆ ಎಲಿನ್ ಸ್ಯಾಟರ್ ಮಕ್ಕಳ ಊಟದ ವಿಷಯದಲ್ಲಿ ಹೊಣೆಯನ್ನು ಹಂಚಿದ ಬಗೆ ಇಲ್ಲಿ ಉಪಯುಕ್ತ. ಏನು, ಯಾವಾಗ, ಎಲ್ಲಿ ಎಂಬುದನ್ನು ಹೆತ್ತವರು ನಿರ್ಧರಿಸಲಿ. ಎಷ್ಟು ಎಂಬುದನ್ನು ಮಗುವಿಗೆ ಬಿಡಲಿ. ಅಡುಗೆ ಅಹಿಂಸೆಯದಾಗಿರಲಿ, ಸಾಧ್ಯವಾದಷ್ಟು ಸೂರ್ಯಾಸ್ತದೊಳಗೆ ಬಡಿಸಲಿ. ಸಾಕೆಂದ ಮಗುವಿನ ಮಾತನ್ನು ನಂಬಲಿ. ಇದರಲ್ಲಿ ಆಚಾರಕ್ಕೆ ಭಂಗವಿಲ್ಲ, ದೇಹಕ್ಕೆ ಅವಮಾನವಿಲ್ಲ.

ಈ ಪರ್ವದಲ್ಲೇ ಸಮಾಜದ ಸಂಘಗಳು ಮೂರು ನಿರ್ಣಯ ಕೈಗೊಳ್ಳಬಹುದು. 18 ತುಂಬದವರ ಉಪವಾಸಕ್ಕೆ ಸಾರ್ವಜನಿಕ ಸನ್ಮಾನ, ಮೆರವಣಿಗೆ ಇರಕೂಡದು. ಕಾಯಿಲೆಯುಳ್ಳವರು, ಗರ್ಭಿಣಿಯರು, ವೃದ್ಧರು ವೈದ್ಯರ ಸಲಹೆ ಪಡೆಯದೆ ಉಪವಾಸ ಹಿಡಿಯಬಾರದೆಂದು ಪಟ್ಟಿ ಬರೆಯುವ ಮೊದಲೇ ತಿಳಿಹೇಳಬೇಕು. ಸಮಾರಂಭದ ಊಟದಲ್ಲಿ ಬಗೆಗಳಿಗೆ ಮಿತಿ ಇರಬೇಕು. ಸನ್ಮಾನಿಸಲೇಬೇಕೆಂದಿದ್ದರೆ ಸ್ವಾಧ್ಯಾಯ, ವೈಯಾವೃತ್ಯಗಳೂ ತಪಗಳೇ. ರೋಗಿಯ ಹಾಸಿಗೆಯ ಬಳಿ ರಾತ್ರಿ ಕಳೆದವರನ್ನು ಹುಡುಕಿ ಗೌರವಿಸಲಿ.

ದಿಗಂಬರ ಮುನಿಗಳು ದಿನಕ್ಕೊಮ್ಮೆ ನಿಂತು, ಕೈಯನ್ನೇ ಪಾತ್ರೆಯಾಗಿಸಿಕೊಂಡು, ಮೌನವಾಗಿ ಆಹಾರ ಸ್ವೀಕರಿಸುತ್ತಾರೆ. ಸಾಧನೆಗೆ ದೇಹ ಬೇಕೆಂಬ ಅರಿವಿನಿಂದಲೇ ಅವರು ಆ ತುತ್ತನ್ನು ಸ್ವೀಕರಿಸುವುದು. ಸರ್ವವನ್ನೂ ತ್ಯಜಿಸಿದವರಿಗೇ ಹಸಿವನ್ನು ಕಂಡರೆ ತಿರಸ್ಕಾರವಿಲ್ಲವೆಂದಮೇಲೆ ಗೃಹಸ್ಥರ ಮನೆಯ ಮಕ್ಕಳು ಅದಕ್ಕಾಗಿ ನಾಚಬೇಕಾದ ಕಾರಣವೇನು?