ಮಾಟಗಾತಿಯರ ಮೇಲೆ ಗೂಬೆ ಕೂರಿಸಬೇಡಿ

ಷೇಕ್ಸ್‌ಪಿಯರ್‌ನ ‘ಮ್ಯಾಕ್‌ಬೆತ್’ ನಾಟಕ ಬರೀ ವಿಧಿಯಾಟ, ಅದರ ಭಾಷಾ ವಿಶ್ಲೇಷಣೆ ಪರೀಕ್ಷೆಯ ಕಸರತ್ತು ಎಂದು ಕಳೆದ ಸಂಚಿಕೆಯ ಲೇಖನ ಷರಾ ಬರೆದಿದೆ. ಎರಡನ್ನೂ ಒಪ್ಪಲಾಗದು.

ಮಾಟಗಾತಿಯರು ಮ್ಯಾಕ್‌ಬೆತ್‌ಗೆ ನೀನು ದೊರೆಯಾಗುವೆ ಎಂದರೇ ಹೊರತು ಈಗಿನ ದೊರೆ ಡಂಕನ್‌ನನ್ನು ಕೊಲ್ಲು ಎನ್ನಲಿಲ್ಲ. ತನ್ನ ವಂಶಕ್ಕೆ ಪಟ್ಟವೆಂದು ಅವರಿಂದಲೇ ಕೇಳಿದ ಅವನ ಜೊತೆಗಾರ ಬ್ಯಾಂಕೋ ಕತ್ತಿ ಹಿರಿಯಲಿಲ್ಲ. ವಿಧಿ ಒಬ್ಬನ ಕೈಯನ್ನಷ್ಟೇ ಹಿಡಿಯಿತೇ? ಡಂಕನ್ ತನ್ನ ಬಂಧು, ದೊರೆ, ಅತಿಥಿ ಎಂದು ಕೊಲ್ಲಬಾರದ ಕಾರಣಗಳನ್ನು ಮ್ಯಾಕ್‌ಬೆತ್ ತಾನೇ ಎಣಿಸುತ್ತಾನೆ. ತನ್ನನ್ನು ತಿವಿಯುತ್ತಿರುವುದು ಮಹತ್ವಾಕಾಂಕ್ಷೆಯೊಂದೇ ಎಂದೂ ಒಪ್ಪುತ್ತಾನೆ.

ಇನ್ನು ಭಾಷೆ. ಗಂಡನನ್ನು ಕೆಣಕುವಾಗ ಲೇಡಿ ಮ್ಯಾಕ್‌ಬೆತ್‌ಳ ಮಾತು ಬಿಗಿ ಛಂದಸ್ಸಿನಲ್ಲಿದೆ. ಐದನೇ ಅಂಕದಲ್ಲಿ, ನಿದ್ದೆಯಲ್ಲಿ ನಡೆಯುತ್ತ ಕೈ ಉಜ್ಜಿಕೊಳ್ಳುವಾಗ ಅದು ಚೂರುಚೂರಾದ ಗದ್ಯ. ಅವಳ ಕುಸಿತ ಕೇಳಿಸುವುದೇ ಅಲ್ಲಿ. ಭಾಷೆಯನ್ನು ಕೈಬಿಟ್ಟರೆ ಉಳಿಯುವುದು ಕಥಾಸಾರ; ಅದಕ್ಕೆ ಗೈಡ್ ಸಾಕು, ಷೇಕ್ಸ್‌ಪಿಯರ್ ಬೇಕಿಲ್ಲ.