ಹಾಡುವ ಇಲಿಯೂ ಕಲಿಯುವ ಹಕ್ಕಿಯೂ

"ಕನ್ನಡವು ನಮ್ಮ ರಕ್ತದಲ್ಲಿಯೇ ಇದೆ, ಮಕ್ಕಳಿಗೆ ಅದನ್ನು ಬೇರೆ ಕಲಿಸಬೇಕೆ?" ಎಂದು ಕೇಳುವ ಹಿರಿಯರು ಈ ನಗರದಲ್ಲಿ ಅನೇಕರುಂಟು. ಈ ಮಾತು ಕಿವಿಗೆ ಇಂಪಾದರೂ ನಿಜವಲ್ಲವೆಂಬುದು ನನ್ನ ಅಭಿಪ್ರಾಯ. ಎರಡು ಪುಟ್ಟ ಜೀವಿಗಳನ್ನು ಹೋಲಿಸಿ ನೋಡಿದರೆ ಇದು ಸ್ಪಷ್ಟವಾಗುವುದು. ಒಂದು ಮಧ್ಯ ಅಮೆರಿಕದ ಹಾಡುವ ಇಲಿ. ಇನ್ನೊಂದು ಆಸ್ಟ್ರೇಲಿಯದ ಜೀಬ್ರಾ ಫಿಂಚ್ ಎಂಬ ಹಕ್ಕಿ. ಎರಡರ ತೂಕವೂ ಸುಮಾರು 12 ಗ್ರಾಂ.

ಕೋಸ್ಟರಿಕ, ಪನಾಮಾ ದೇಶಗಳ ಮಂಜು ಮುಸುಕಿದ ಬೆಟ್ಟಗಾಡುಗಳಲ್ಲಿ ಈ ಇಲಿಯು ಹಿಂಗಾಲುಗಳ ಮೇಲೆ ನಿಂತು, ಬಾಯಿ ತೆರೆದು, ಹಲವು ಸೆಕೆಂಡುಗಳ ಕಾಲ ಹಾಡುತ್ತದೆ. ಆ ಹಾಡು ಬಹುಮಟ್ಟಿಗೆ ಹುಟ್ಟಿನೊಡನೆ ಬಂದುದು. ಅದಕ್ಕೆ ಗುರು ಬೇಕಿಲ್ಲ.

ಹಕ್ಕಿಯ ಸಂಗತಿ ಬೇರೆ. ಗಂಡುಮರಿಯು ತಂದೆಯ ಹಾಡನ್ನು ಕೇಳಿ, ಮೊದಲು ತೊದಲಿ, ತಪ್ಪಿ, ತಿದ್ದಿಕೊಂಡು ಕಲಿಯುತ್ತದೆ. ಸುಮಾರು 90 ದಿನಗಳಲ್ಲಿ ಅದರ ಹಾಡು ಸ್ಥಿರವಾಗುತ್ತದೆ. ಹಿರಿಯರ ದನಿ ಕೇಳದೆ ಬೆಳೆದ ಮರಿಯೂ ಹಾಡುವುದುಂಟು; ಆದರೆ ಅದು ವಿಕಾರವಾದ ಹಾಡು. ಬೇರೆ ಜಾತಿಯ ಹಕ್ಕಿ ಸಾಕಿದ ಮರಿಯು ಸಾಕುತಂದೆಯ ಹಾಡನ್ನೇ ಕಲಿಯುತ್ತದೆ. ರಕ್ತವು ಕೊಡುವುದು ಕಲಿಯುವ ಶಕ್ತಿಯನ್ನು, ಹಾಡನ್ನಲ್ಲ.

ವಿದ್ಯಾರ್ಥಿ ಮಿತ್ರರೇ, ನಮ್ಮ ನುಡಿಯೂ ಹೀಗೆಯೇ. ಬೀದಿಯ ಭಾಷೆಯನ್ನು ಬೀದಿಯೇ ನಮಗೆ ಕಲಿಸುತ್ತದೆ. ಕನ್ನಡವನ್ನು ಕಲಿಸಲು ಇಲ್ಲಿ ಮನೆ ಮತ್ತು ಶಾಲೆಗಳಲ್ಲದೆ ಬೇರೆ ಯಾರಿದ್ದಾರೆ? ಮನುಷ್ಯನಿಗೆ 90 ದಿನಗಳ ಗಡುವಿಲ್ಲ, ನಿಜ; ಆದರೆ ಎಳೆಯ ನಾಲಗೆಗೆ ಸುಲಭವಾದುದು ಬಲಿತ ನಾಲಗೆಗೆ ಕಷ್ಟ.

ಹಾಗೆಂದು ಇಲಿಯನ್ನು ಕೀಳೆಣಿಸಬೇಡಿ. ಇಬ್ಬರು ಹಾಡುವಾಗ ಒಂದು ಇಲಿ ಮುಗಿಸುವವರೆಗೆ ಇನ್ನೊಂದು ಕಾಯುತ್ತದೆ. ಮುಗಿದೊಡನೆ ಉತ್ತರ ಕೊಡುತ್ತದೆ. ಅಮೆರಿಕದ ವಿಜ್ಞಾನಿಗಳು ಅದರ ಮೆದುಳಿನ ಒಂದು ಭಾಗವನ್ನು ತಾತ್ಕಾಲಿಕವಾಗಿ ತಟಸ್ಥಗೊಳಿಸಿದಾಗ, ಇಲಿಯು ಒಂಟಿಯಾಗಿ ಹಾಡಬಲ್ಲುದಾಗಿದ್ದರೂ ಜೊತೆಗಾರನಿಗೆ ಉತ್ತರ ಕೊಡಲಾರದೆ ಹೋಯಿತೆಂದು 2019ರಲ್ಲಿ ಪ್ರಕಟಿಸಿದರು. ಹಾಡುವುದು ಒಂದು, ಸಂವಾದ ನಡೆಸುವುದು ಇನ್ನೊಂದು ಎಂದಾಯಿತು.

ಹಕ್ಕಿಯಿಂದ ಕಲಿಯುವುದನ್ನೂ ಇಲಿಯಿಂದ ಕಾಯುವುದನ್ನೂ ನಾವು ಪಡೆಯೋಣ. ಇಂದು ಸಂಜೆ ನಿಮ್ಮ ಅಜ್ಜಿಯ ಬಳಿ ಕುಳಿತು ಊರಿನ ಒಂದು ಕಥೆ ಕೇಳಿರಿ. ಆಕೆ ಮುಗಿಸುವವರೆಗೆ ಕಾದು, ಅನಂತರ ಕನ್ನಡದಲ್ಲಿಯೇ ಉತ್ತರಿಸಿರಿ. ತಪ್ಪಾದರೆ ನಾಚಬೇಡಿ, ಹಕ್ಕಿಯೂ ಮೊದಲು ತೊದಲಿಯೇ ಹಾಡಿದ್ದು.