ಯಾರು ಸ್ವಾಮಿ ಆದಿಮಾನವ?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಬಸ್ಸಿಗೆ ಒಬ್ಬ ಸಿದ್ದಿ ಹುಡುಗ ಹತ್ತಿದರೆ ಹಿಂದಿನ ಸೀಟಿನಿಂದ ಒಂದು ಮಾತು ಬರುವುದುಂಟು. ‘ಆಫ್ರಿಕಾ ಬಂತು ನೋಡು’ ಎನ್ನುವುದು ಅವುಗಳಲ್ಲೇ ಸೌಮ್ಯವಾದದ್ದು. ‘ಕಾಡುಮನುಷ್ಯ’, ‘ಆದಿಮಾನವ’ ಎನ್ನುವವರೂ ಇದ್ದಾರೆ. ಯಾಕೆ ಹಾಗಂದಿರಿ ಎಂದು ಕೇಳಿದರೆ ‘ತಮಾಷೆಗೆ ಹೇಳಿದ್ದು ಮಾರಾಯ’ ಎಂಬ ಉತ್ತರ ಸಿದ್ಧವಾಗಿರುತ್ತದೆ.

ನಮಗೆ ಇದಕ್ಕಿಂತ ಹೆಚ್ಚು ಸಿಟ್ಟು ಬರುವುದು ಅದೇ ಮಾತಿಗೆ ಗೌರವದ ಅಂಗಿ ತೊಡಿಸಿ ಅಚ್ಚು ಹಾಕುವ ನಮ್ಮದೇ ವೃತ್ತಿಯವರ ಮೇಲೆ. ಡಮಾಮಿ ಕುಣಿತದ ಫೋಟೊ ಕೆಳಗೆ ‘ಆಧುನಿಕತೆಯ ಸೋಂಕಿಲ್ಲದ ಆದಿಮ ಜನಾಂಗ’ ಎಂದೋ ‘ಅಳಿವಿನಂಚಿನ ಬುಡಕಟ್ಟು’ ಎಂದೋ ಒಂದು ಅಡಿಬರಹ. ಫೋಟೊದಲ್ಲಿದ್ದ ಹುಡುಗಿ ಕುಣಿತ ಮುಗಿಸಿ ಮೊಬೈಲ್ ನೋಡುತ್ತ ಕಾಲೇಜಿಗೆ ಹೋಗಿದ್ದು ವರದಿಯಲ್ಲಿ ಬರುವುದಿಲ್ಲ. 2020ರಲ್ಲಿ ಯಲ್ಲಾಪುರ ತಾಲ್ಲೂಕಿನ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಪರಿಷತ್ತಿಗೆ ಸದಸ್ಯರು ಹೋದ ಮೇಲೂ ಅಡಿಬರಹ ಬದಲಾಗಲಿಲ್ಲ.

ಈ ‘ಆದಿಮ’ ಎಂಬ ಪದಕ್ಕೆ ಏನಾದರೂ ಅರ್ಥವಿದೆಯೇ? ಆದಿಮಾನವ ಎಂದರೆ ಎಲ್ಲರ ಕಣ್ಣಿಗೆ ಬರುವ ಚಿತ್ರ ಒಂದೇ: ಬೆನ್ನು ಬಾಗಿದ, ಹುಬ್ಬು ಮುಂದೆ ಚಾಚಿದ, ಕೈಯಲ್ಲಿ ದೊಣ್ಣೆ ಹಿಡಿದ ಗುಹೆಯ ಮನುಷ್ಯ. ಅದು ಹೆಚ್ಚುಕಡಿಮೆ ನಿಯಾಂಡರ್ತಾಲ್ ಮಾನವನ ಚಿತ್ರ. 1856ರಲ್ಲಿ ಜರ್ಮನಿಯ ನಿಯಾಂಡರ್ ಕಣಿವೆಯಲ್ಲಿ ಸುಣ್ಣದ ಕಲ್ಲು ತೆಗೆಯುತ್ತಿದ್ದ ಕೂಲಿಗಳಿಗೆ ಅವನ ಮೂಳೆ ಸಿಕ್ಕಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಅರ್ನ್ಸ್ಟ್ ಹೆಕೆಲ್ ಎಂಬ ದೊಡ್ಡ ವಿಜ್ಞಾನಿ ‘ಹೋಮೋ ಸ್ಟುಪಿಡಸ್’ ಎಂಬ ಹೆಸರು ಸೂಚಿಸಿದ. ದಡ್ಡ ಮಾನವ ಎಂದು! ಬಾಗಿದ ಬೆನ್ನು ಬಂದದ್ದು 1908ರಲ್ಲಿ ಫ್ರಾನ್ಸಿನಲ್ಲಿ ಸಿಕ್ಕ ಒಂದು ಅಸ್ಥಿಪಂಜರದಿಂದ. ಅದು ಸಂಧಿವಾತದಿಂದ ನರಳಿದ ಒಬ್ಬ ಮುದುಕನದ್ದು. ಮಾರ್ಸೆಲಿನ್ ಬೂಲ್ ಎಂಬ ಪಂಡಿತ ಅದನ್ನು ನೋಡಿ ಇಡೀ ಕುಲವೇ ಹೀಗೆ ಬಗ್ಗಿ ನಡೆಯುತ್ತಿತ್ತು ಎಂದು ಬರೆದ. ಒಬ್ಬನನ್ನು ನೋಡಿ ಜನಾಂಗಕ್ಕೇ ಅಡಿಬರಹ ಬರೆಯುವ ಚಾಳಿ ಸ್ಟ್ರಿಂಜರುಗಳದ್ದು ಮಾತ್ರವಲ್ಲ ಅನ್ನುವುದೊಂದೇ ಸಮಾಧಾನ.

ನಿಜದಲ್ಲಿ ಅವನ ಮಿದುಳು ನಮ್ಮ ಮಿದುಳಿಗಿಂತ ಚಿಕ್ಕದಿರಲಿಲ್ಲ. ಬರ್ಚ್ ಮರದ ತೊಗಟೆ ಕಾಯಿಸಿ ಅಂಟು ತೆಗೆದು ಕಲ್ಲಿನ ಮೊನೆಯನ್ನು ಹಿಡಿಕೆಗೆ ಕೂರಿಸುತ್ತಿದ್ದ. ಅಡಿಕೆ ಬೇಯಿಸುವ ಊರಿನವರಿಗೆ ಬೆಂಕಿಯ ಹದ ಕಾಯುವ ಕಷ್ಟ ಹೇಳಬೇಕಿಲ್ಲ. ಇರಾಕಿನ ಶನಿದಾರ್ ಗುಹೆಯಲ್ಲಿ ಸಿಕ್ಕ ಒಬ್ಬನಿಗೆ ಒಂದು ಕೈ ಊನವಾಗಿತ್ತು, ಒಂದು ಕಣ್ಣು ಕಾಣದಂಥ ಪೆಟ್ಟು ಬಿದ್ದಿತ್ತು. ಆದರೂ ಅವನು ಎಷ್ಟೋ ವರ್ಷ ಬದುಕಿದ್ದ. ಯಾರೋ ನೋಡಿಕೊಂಡಿರಬೇಕು.

ಈಗ ರಕ್ತದ ವಿಷಯಕ್ಕೆ ಬರೋಣ. 2010ರಲ್ಲಿ ಸ್ವಾಂಟೆ ಪೇಬೊ ಮತ್ತು ಸಂಗಡಿಗರು ನಿಯಾಂಡರ್ತಾಲ್ ಮೂಳೆಗಳಿಂದ ಡಿಎನ್‌ಎ ತೆಗೆದು ಓದಿದರು. ಈ ಕೆಲಸಕ್ಕೇ 2022ರಲ್ಲಿ ಪೇಬೊಗೆ ನೊಬೆಲ್ ಬಂತು. ಆಫ್ರಿಕಾದ ಹೊರಗಿನ ಪ್ರತಿಯೊಬ್ಬರ ಮೈಯಲ್ಲೂ ಶೇಕಡಾ 1ರಿಂದ 2ರಷ್ಟು ನಿಯಾಂಡರ್ತಾಲ್ ಅಂಶ ಇದೆ ಎಂದಾಯಿತು. ಸುಮಾರು 50 ಸಾವಿರ ವರ್ಷಗಳ ಹಿಂದೆ ಆಫ್ರಿಕಾದಿಂದ ಹೊರಟ ನಮ್ಮ ಪೂರ್ವಜರು ದಾರಿಯಲ್ಲಿ ಅವರೊಂದಿಗೆ ಸಂಸಾರ ಮಾಡಿದ್ದರು. ಆಫ್ರಿಕಾದಲ್ಲೇ ಉಳಿದವರಲ್ಲಿ ಈ ಅಂಶ ತೀರಾ ಕಡಿಮೆ. 2020ರ ಒಂದು ಅಧ್ಯಯನದ ಪ್ರಕಾರ ದಕ್ಷಿಣ ಏಷ್ಯಾದ ಒಬ್ಬ ಮನುಷ್ಯನ ಡಿಎನ್‌ಎಯಲ್ಲಿ ನಿಯಾಂಡರ್ತಾಲ್‌ನಿಂದ ಬಂದ ಅಕ್ಷರಗಳು ಸರಾಸರಿ ಐದೂವರೆ ಕೋಟಿ. ಆಫ್ರಿಕಾದವನಲ್ಲಿ ಸುಮಾರು 1.7 ಕೋಟಿ. ಅವೂ ಬಹುಮಟ್ಟಿಗೆ ಆಮೇಲೆ ಮರಳಿ ಹೋದ ಯುರೋಪಿನ ಕಡೆಯವರಿಂದ ಬಂದವು.

ಸಿದ್ದಿಗಳ ಲೆಕ್ಕವೂ ಇದೆ. ಹೈದರಾಬಾದಿನ ಸಿಸಿಎಂಬಿಯ ಲಾಲ್ಜಿ ಸಿಂಗ್, ಕೆ. ತಂಗರಾಜ್ ಮತ್ತಿತರರು ಕರ್ನಾಟಕ ಹಾಗೂ ಗುಜರಾತಿನ ಸಿದ್ದಿಗಳ ಡಿಎನ್‌ಎ ಅಧ್ಯಯನವನ್ನು 2011ರಲ್ಲಿ ಪ್ರಕಟಿಸಿದರು. ಶೇಕಡಾ 60ರಿಂದ 75 ಆಫ್ರಿಕಾ ಮೂಲ. ಉಳಿದದ್ದು ಭಾರತ ಮತ್ತು ಯುರೋಪಿನದ್ದು. ಬೆರಕೆ ನಡೆದು ಸುಮಾರು 200 ವರ್ಷ. ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದವರು ತಪ್ಪಿಸಿಕೊಂಡು ಯಲ್ಲಾಪುರ, ಹಳಿಯಾಳದ ಕಾಡು ಸೇರಿದ ಕತೆಗೆ ಇದು ಒಪ್ಪುತ್ತದೆ. ಎರಡೂ ಅಧ್ಯಯನ ಇಟ್ಟುಕೊಂಡು ಕೂಡಿ ಕಳೆದರೆ ಒಬ್ಬ ಸಿದ್ದಿಯಲ್ಲಿ ನಿಯಾಂಡರ್ತಾಲ್ ಅಕ್ಷರ ಮೂರು ಕೋಟಿಯ ಆಸುಪಾಸು ಬರುತ್ತದೆ (ಇದು ನಮ್ಮ ಪೆನ್ಸಿಲ್ ಲೆಕ್ಕ, ಪ್ರಯೋಗಾಲಯದ್ದಲ್ಲ). ಹಿಂದಿನ ಸೀಟಿನಲ್ಲಿ ಕೂತು ಕೂಗಿದವನಲ್ಲಿ ಐದೂವರೆ ಕೋಟಿ. ಅವನು ಹವ್ಯಕನಿರಲಿ, ನಾಮಧಾರಿಯಿರಲಿ, ಕರಿಒಕ್ಕಲಿಗನಿರಲಿ. ಆದಿಮಾನವ ಯಾರು ಸ್ವಾಮಿ?

ಇಷ್ಟಕ್ಕೇ ನಿಲ್ಲಿಸಿ ಚಪ್ಪಾಳೆ ತಟ್ಟಬಹುದಿತ್ತು. ಹಾಗೆ ಮಾಡಿದರೆ ನಿಯಾಂಡರ್ತಾಲ್ ಅಂಶ ಇರುವುದು ಕೀಳು ಎಂದು ನಾವೂ ಒಪ್ಪಿದಂತಾಗುತ್ತದೆ. ಆ ಅಂಶದಿಂದ ಬುದ್ಧಿ ಹೆಚ್ಚೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ಕೆಲವು ತುಣುಕು ಕಾಯಿಲೆಗೆ ದಾರಿ, ಕೆಲವು ರಕ್ಷೆ. ಕೋವಿಡ್ ಕಾಲದಲ್ಲಿ ಪೇಬೊ ಮತ್ತು ಹ್ಯೂಗೊ ಜೆಬರ್ಗ್ ಮೂರನೇ ಕ್ರೋಮೋಸೋಮಿನಲ್ಲಿ ಒಂದು ತುಣುಕು ತೋರಿಸಿದರು. ಅದಿದ್ದವರಿಗೆ ಸೋಂಕು ಉಲ್ಬಣಿಸುವ ಸಂಭವ ಹೆಚ್ಚು. ದಕ್ಷಿಣ ಏಷ್ಯಾದಲ್ಲಿ ಸುಮಾರು ಅರ್ಧ ಜನ ಅದನ್ನು ಹೊತ್ತಿದ್ದಾರೆ, ಯುರೋಪಿನಲ್ಲಿ ಶೇಕಡಾ 16, ಆಫ್ರಿಕಾದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಕಡಿಮೆ ಅಪಾಯ ತರುವ ಇನ್ನೊಂದು ತುಣುಕನ್ನೂ ಅದೇ ಜೋಡಿ ಆಮೇಲೆ ಹನ್ನೆರಡನೇ ಕ್ರೋಮೋಸೋಮಿನಲ್ಲಿ ತೋರಿಸಿತು.

‘ಅಳಿವು’ ಎಂಬ ಪದವೂ ಹಾಗೆಯೇ. ಸುಮಾರು 40 ಸಾವಿರ ವರ್ಷಗಳ ಹಿಂದೆ ನಿಯಾಂಡರ್ತಾಲರು ಇಲ್ಲವಾದರು. ಅವರ ಗುಂಪುಗಳು ಸಣ್ಣವಿದ್ದವು. ಹತ್ತಿರದ ನೆಂಟರಲ್ಲೇ ಮಕ್ಕಳಾದ ಗುರುತು ಸೈಬೀರಿಯಾದ ಒಬ್ಬ ಹೆಣ್ಣಿನ ಮೂಳೆಯಲ್ಲಿ ಸಿಕ್ಕಿದೆ. ಆದರೆ ಸುಮಾರು 2,700 ಭಾರತೀಯರ ಡಿಎನ್‌ಎ ಓದಿ 2025ರಲ್ಲಿ ಪ್ರಕಟವಾದ ಅಧ್ಯಯನ ಹೇಳುವಂತೆ, ಒಬ್ಬೊಬ್ಬರಲ್ಲಿ ಉಳಿದ ಬೇರೆಬೇರೆ ತುಣುಕು ಸೇರಿಸಿದರೆ ನಿಯಾಂಡರ್ತಾಲ್ ಜೀನೋಮಿನ ಹತ್ತಿರ ಹತ್ತಿರ ಅರ್ಧ ಭಾಗ ಸಿಗುತ್ತದೆ. ಅಳಿದವರೇ ಇಷ್ಟು ಉಳಿದಿದ್ದಾರೆ. ಮನೆ ಕಟ್ಟಿ, ಮಕ್ಕಳನ್ನು ಶಾಲೆಗೆ ಕಳಿಸುತ್ತಿರುವವರನ್ನು ‘ಅಳಿವಿನಂಚು’ ಎಂದು ಬರೆಯಲು ನಮ್ಮವರ ಕೈ ಹೇಗೆ ಬರುತ್ತದೋ!

ರಕ್ತದ ಲೆಕ್ಕವನ್ನು ಹೊಗಳಿಕೆಗೆ ಬಳಸಿದ ಉದಾಹರಣೆಯೂ ನಮ್ಮ ಜಿಲ್ಲೆಯದೇ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ‘ಸ್ಪೆಷಲ್ ಏರಿಯಾ ಗೇಮ್ಸ್’ ಯೋಜನೆಯಲ್ಲಿ ಸಿದ್ದಿ ಮಕ್ಕಳನ್ನು ಆರಿಸಿಕೊಂಡು ಹೋಯಿತು. ಆಫ್ರಿಕಾದ ರಕ್ತ, ಓಡುತ್ತಾರೆ, ಒಲಿಂಪಿಕ್ ಪದಕ ತರುತ್ತಾರೆ ಎಂಬುದು ತರ್ಕ. ಓಡಿದರು, ಪದಕಗಳನ್ನೂ ಗೆದ್ದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು, ಮಕ್ಕಳು ಊರಿಗೆ ಮರಳಿದರು. ಆಮೇಲೆ ಅವರ ಹೊಟ್ಟೆಪಾಡಿನ ಲೆಕ್ಕ ಇಡಲು ಯಾರಿಗೂ ಆಫ್ರಿಕಾ ನೆನಪಾಗಲಿಲ್ಲ.

ಪದದ ಬೇರು ಸರ್ಕಾರಿ ಕಡತದಲ್ಲೂ ಇದೆ. ಯಾವ ಸಮುದಾಯ ಪರಿಶಿಷ್ಟ ಪಂಗಡ ಎಂದು ನಿರ್ಧರಿಸಲು ಇಂದಿಗೂ ಬಳಸುವುದು 1965ರ ಲೋಕೂರ್ ಸಮಿತಿಯ ಮಾನದಂಡ. ಅದರ ಪಟ್ಟಿಯಲ್ಲಿ ಮೊದಲನೆಯದೇ ‘ಆದಿಮ ಲಕ್ಷಣಗಳು’. ಹೊರಗಿನವರೊಂದಿಗೆ ಬೆರೆಯಲು ಸಂಕೋಚ ಎಂಬುದೂ ಅದರಲ್ಲಿದೆ. ಉತ್ತರ ಕನ್ನಡದ ಸಿದ್ದಿಗಳು ಪಟ್ಟಿಗೆ ಸೇರಿದ್ದು 2003ರಲ್ಲಿ. ಹಾಲಕ್ಕಿ, ಕುಣಬಿ, ಗೌಳಿಗಳು ಇನ್ನೂ ಹೊರಗೆ ನಿಂತು ಕೇಳುತ್ತಿದ್ದಾರೆ. ಭೂಮಿಯ ಹಕ್ಕು, ಹಾಸ್ಟೆಲ್ ಸೀಟು, ನೌಕರಿ ಎಲ್ಲ ಇದರ ಮೇಲೆ ನಿಂತಿವೆ. ಅವು ಸಿಗಬೇಕಾದದ್ದು ಆಗಿಹೋದ ಅನ್ಯಾಯದ ಕಾರಣಕ್ಕೆ. ಅದಕ್ಕಾಗಿ ಒಬ್ಬ ಪದವೀಧರ ಅಧಿಕಾರಿಯ ಮುಂದೆ ನಿಂತು ತನ್ನವರು ಆದಿಮರು ಎಂದು ಸಾಬೀತು ಮಾಡಬೇಕು! ಯಾವ ಪ್ರಯೋಗಾಲಯದಲ್ಲೂ ಅಳೆಯಲಾಗದ ಗುಣ ಅದು.

ಸಮಿತಿಯ ಪದ ತೆಗೆಯುವುದು ದಿಲ್ಲಿಯವರ ಕೆಲಸ, ತಡವಾಗುತ್ತದೆ. ಅಡಿಬರಹದ ಪದ ತೆಗೆಯಲು ಶಿರಸಿ, ಸಿದ್ದಾಪುರ, ಯಲ್ಲಾಪುರದ ವರದಿಗಾರರಿಗೆ ಯಾರ ಅಪ್ಪಣೆಯೂ ಬೇಡ. ಮುಂದಿನ ಸಲ ಡಮಾಮಿಯ ಫೋಟೊ ಕಳಿಸುವಾಗ ಕುಣಿದವರ ಹೆಸರು, ಊರು ಕೇಳಿ ಬರೆದು ಕಳಿಸಿ. ಡೆಸ್ಕಿನವರು ‘ಆದಿಮ’ ಸೇರಿಸಿದರೆ ಫೋನ್ ಮಾಡಿ ತೆಗೆಸಿ. ತೆಗೆಯದಿದ್ದರೆ ನಮಗೆ ತಿಳಿಸಿ, ಇಲ್ಲಿ ಹಾಕುತ್ತೇವೆ.